ಬ್ರೇಕ್ ಶೂ: ಕಂಪನಿದ್ದೋ, ಹೊರಗಿನದ್ದೋ, ಹಳೇದಕ್ಕೇ ಲೈನರ್ ಹಾಕಿಸೋದೋ?

ಮಳೆಗಾಲ ಮುಗಿದು ದಸರಾ ಹತ್ತಿರ ಬಂತು ಅಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧ ಇದೇ ವಿಷಯ. "ಗಾಡಿ ಸರ್ವಿಸಿಗೆ ಬಿಟ್ಟಿದ್ದೆ ಮಾರಾಯ, ಹಿಂದಿನ ಶೂ ಹೋಗಿದೆ ಅಂತಾರೆ. ಕಂಪನಿದೇ ಹಾಕಿಸ್ಲಾ, ಹೊರಗಡೆಯಿಂದ ತಗಳ್ಲಾ? ಇಲ್ಲೊಬ್ರು ಹಳೇದಕ್ಕೇ ಲೈನರ್ ಹಾಕಿಸಿದ್ರೆ ಸಾಕು ಅಂತಾರೆ." ಮೂರು ಜನ ಮೂರು ಮಾತು ಹೇಳಿರುತ್ತಾರೆ. ಮೂವರೂ ಅವರವರ ಮಟ್ಟಿಗೆ ಸರಿಯೇ ಇರುತ್ತಾರೆ. ತಲೆಬಿಸಿ ಆಗುವುದು ಅದಕ್ಕೇ.

ನಾನು ಮೆಕ್ಯಾನಿಕ್ ಅಲ್ಲ. ಕೆಲಸ ಶಿವಮೊಗ್ಗದಲ್ಲಿ, ತೋಟ ಮನೆ ಹೊಸನಗರದ ಕಡೆ. ಈ ದಾರಿಯಲ್ಲಿ ಎರಡು ಸಣ್ಣ ಕಾರು ಹಳೇದು ಮಾಡಿದ್ದೇನೆ. ನಾಲ್ಕು ಸಲ ಶೂ ಬದಲಾಯಿಸಿದ್ದೇನೆ, ಅದರಲ್ಲಿ ಎರಡು ಸಲ ತಪ್ಪು ಮಾಡಿದ್ದೇನೆ. ಆ ತಪ್ಪುಗಳ ಲೆಕ್ಕದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಆಲ್ಟೋ, ವ್ಯಾಗನ್‌ಆರ್, ಟಿಯಾಗೋ ಥರದ ನಮ್ಮ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್, ಹಿಂದಿನದಕ್ಕೆ ಡ್ರಮ್. ಶೂ ಇರುವುದು ಡ್ರಮ್ಮಿನ ಒಳಗೆ. ಡ್ರಮ್ ಅಂದರೆ ಬೋಗುಣಿ ಆಕಾರದ ಎರಕದ ಕಬ್ಬಿಣ, ಚಕ್ರದ ಜೊತೆ ತಿರುಗುತ್ತದೆ. ಅದರೊಳಗೆ ಅರ್ಧಚಂದ್ರದಂಥ ಎರಡು ಕಬ್ಬಿಣದ ಪಟ್ಟಿಗಳು ಸುಮ್ನೆ ನಿಂತಿರುತ್ತವೆ. ಅವೇ ಶೂ. ಅವುಗಳ ಬೆನ್ನಿಗೆ ಅಂಟಿಸಿದ ಗಟ್ಟಿ ಪದಾರ್ಥ ಲೈನರ್. ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ವೀಲ್ ಸಿಲಿಂಡರಿಗೆ ನುಗ್ಗಿ ಎರಡೂ ಶೂಗಳನ್ನು ಹೊರಕ್ಕೆ ತಳ್ಳುತ್ತದೆ. ಲೈನರ್ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲುತ್ತದೆ. ಹ್ಯಾಂಡ್ ಬ್ರೇಕ್ ಎಳೆದಾಗಲೂ ಇದೇ ಶೂ, ಆದರೆ ಆಯಿಲ್ ಬದಲು ಕೇಬಲ್ ಎಳೆಯುತ್ತದೆ. ನಿಮ್ಮ ಕಾರಿಗೆ ಹಿಂದೆಯೂ ಡಿಸ್ಕ್ ಇದ್ದರೆ ಈ ಲೇಖನ ನಿಮಗಲ್ಲ.

ಡ್ರಮ್ ಅಂದರೆ ಹಳೇ ಕಾಲದ್ದು ಅಂತ ಮೂಗು ಮುರಿಯುವವರೂ ಇದ್ದಾರೆ. ಫೋಕ್ಸ್‌ವ್ಯಾಗನ್ ತನ್ನ ಐಡಿ.4 ಎಲೆಕ್ಟ್ರಿಕ್ ಕಾರಿಗೆ ಹಿಂದೆ ಡ್ರಮ್ಮೇ ಹಾಕಿದೆ ಅಂತ ಅವರಿಗೆ ಹೇಳಿ.

ಯಾವುದನ್ನು ನೋಡಿ ಆರಿಸಬೇಕು

ಬೆಲೆಗಿಂತ ಮುಂಚೆ ನೋಡಬೇಕಾದ್ದು ನೀರು. ಬಯಲುಸೀಮೆಯಲ್ಲಿ ಶೂ ಸವೆದು ಹೋಗುತ್ತದೆ. ನಮ್ಮಲ್ಲಿ ಸವೆಯುವುದಕ್ಕೆ ಮುಂಚೆ ನೆನೆದೇ ಹೋಗುವುದು ಜಾಸ್ತಿ.

ಒಂದು ಜುಲೈಯಲ್ಲಿ ನಡೆದದ್ದು. ಮನೆಗೆ ಹೋದವನು ಕೆಸರು ತೊಳೆದು, ಅಂಗಳದ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು ಒಳಗೆ ಹೋದೆ. ಮೂರು ದಿನ ಮಳೆ ಬಿಡಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಹ್ಯಾಂಡ್ ಬ್ರೇಕ್ ಇಳಿಸಿ ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಗಾಡಿಯ ಹಿಂಭಾಗ ಕುಕ್ಕರುಗಾಲಲ್ಲಿ ಕೂತ ಹಾಗೆ ತಗ್ಗಿತೇ ಹೊರತು ಮುಂದಕ್ಕೆ ಹೋಗಲಿಲ್ಲ. ಇನ್ನೊಂದು ಸಲ ಒತ್ತಿದೆ. ಟಣ್ ಅಂತ ಶಬ್ದ. ಬಿಟ್ಟುಕೊಂಡಿತು ಅಂತ ಖುಷಿಯಾಗಿ ಹೊರಟೆ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಎಡಗಡೆ ಹಿಂದಿನ ಚಕ್ರದಿಂದ ಕರಕರ. ಗ್ಯಾರೇಜಿನಲ್ಲಿ ಡ್ರಮ್ ಎಳೆದಾಗ ಲೈನರ್ ಶೂವಿನಿಂದ ಹಪ್ಪಳದ ಹಾಗೆ ಎದ್ದು ಬಂದಿತ್ತು. ಅದರ ಅಡಿಯಲ್ಲಿ ಕೆಂಪಗೆ ತುಕ್ಕು. ಲೈನರ್ ಇನ್ನೂ 3 ಮಿ.ಮೀ. ದಪ್ಪ ಇತ್ತು. "ಸಾರ್, ಇದು ಸವೆದು ಹೋದದ್ದಲ್ಲ, ನೆನೆದು ಹೋದದ್ದು" ಅಂದರು ಮೇಸ್ತ್ರಿ.

ಹಾಗಾಗಿ ಮೊದಲ ಪ್ರಶ್ನೆ: ನಿಮ್ಮ ಗಾಡಿ ರಾತ್ರಿ ಎಲ್ಲಿ ಮಲಗುತ್ತದೆ? ಶೆಡ್ಡಿನಲ್ಲೋ, ಬಯಲಲ್ಲೋ? ದಿನಾ ಓಡುತ್ತದೋ, ವಾರಕ್ಕೊಮ್ಮೆಯೋ? ಬಯಲಲ್ಲಿ ನಿಂತು ಅಪರೂಪಕ್ಕೆ ಓಡುವ ಗಾಡಿಗೆ ಲೈನರಿನ ದಪ್ಪಕ್ಕಿಂತ ಕಬ್ಬಿಣದ ಬಣ್ಣ, ಅಂಟು ಇವೇ ಮುಖ್ಯ.

ಎರಡನೆಯದು ಘಾಟಿ. ಆಗುಂಬೆಯ 14 ತಿರುವು, ಹುಲಿಕಲ್, ಕೊಲ್ಲೂರಿನ ಕಡೆ ಇಳಿಯುವ ದಾರಿ, ಇವುಗಳಲ್ಲಿ ನೀವು ತಿಂಗಳಿಗೆ ಎಷ್ಟು ಸಲ ಇಳಿಯುತ್ತೀರಿ? ಜನ ಸೇರಿ 1,200 ಕೆಜಿ ತೂಗುವ ಕಾರು 500 ಮೀಟರ್ ಎತ್ತರ ಇಳಿದರೆ ಆ ಶಕ್ತಿ ಎಲ್ಲಾದರೂ ಕರಗಲೇಬೇಕು. ಲೆಕ್ಕ ಹಾಕಿ ನೋಡಿದೆ: ಸುಮಾರು 18 ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು ಶಾಖ. ಬಚ್ಚಲ ಹಂಡೆಗೆ ಅಷ್ಟು ನೀರು ಹಾಕಿ ಕುದಿಸಲು ಎಷ್ಟು ಸೌದೆ ಬೇಕು ಅಂತ ನಿಮಗೇ ಗೊತ್ತು. ಸೆಕೆಂಡ್ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊತ್ತುಕೊಳ್ಳುತ್ತದೆ. ನ್ಯೂಟ್ರಲ್ಲಿನಲ್ಲಿ ಪೆಟ್ರೋಲ್ ಉಳಿಸಲು ಹೊರಟರೆ ಪೂರ್ತಿ ಬೆಂಕಿ ಬ್ರೇಕಿಗೇ. ಇದರಲ್ಲೂ ಹೆಚ್ಚಿನ ಪಾಲು ಮುಂದಿನ ಡಿಸ್ಕಿನದು, ಯಾಕೆಂದರೆ ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಆದರೆ ಡ್ರಮ್ ಮುಚ್ಚಿದ ಡಬ್ಬಿ. ಒಳಗೆ ಹೋದ ಬಿಸಿ ಬೇಗ ಹೊರಗೆ ಬರುವುದಿಲ್ಲ. ಅಗ್ಗದ ಲೈನರ್ ಈ ಬಿಸಿಗೆ ಗಾಜಿನ ಹಾಗೆ ಹೊಳಪು ಬಂದು ಜಾರತೊಡಗುತ್ತದೆ.

ಮೂರನೆಯದು, ಗಾಡಿ ಇನ್ನೆಷ್ಟು ವರ್ಷ ನಿಮ್ಮ ಹತ್ತಿರ ಇರುತ್ತದೆ, ವಾರಂಟಿ ಇದೆಯಾ ಅನ್ನುವುದು.

ಕೊನೆಗೆ ಖರ್ಚು. ಶೂ ಬೆಲೆ ಮಾತ್ರ ಕೇಳಬೇಡಿ. ನಾನು ನೋಡಿದ ಹಾಗೆ ಕಂಪನಿ ಸೆಟ್ಟಿಗೆ 100 ರೂಪಾಯಿ ಅಂತ ಇಟ್ಟುಕೊಂಡರೆ, ಹೊರಗಿನ ಒಳ್ಳೆ ಬ್ರಾಂಡ್ 60-70ಕ್ಕೆ ಸಿಗುತ್ತದೆ. ಲೈನರ್ ಹಾಕಿಸಲು 30-40. ಆದರೆ ಬಿಚ್ಚಿ ಜೋಡಿಸುವ ಕೂಲಿ ಎಲ್ಲದಕ್ಕೂ ಒಂದೇ. ವರ್ಷಕ್ಕೊಮ್ಮೆ ಶೂ ಬದಲಾಯಿಸುವ ಹಾಗಾದರೆ ಉಳಿಸಿದ ದುಡ್ಡು ಕೂಲಿಗೆ ಹೋಯಿತು.

ಆರಿಸುವ ಮುಂಚೆ ಡ್ರಮ್ ಬಿಚ್ಚಿಸಿ

"ಶೂ ಹೋಗಿದೆ" ಅಂತ ಡ್ರಮ್ ಬಿಚ್ಚದೇ ಹೇಳಿದರೆ ನಂಬಬೇಡಿ. ಎದುರಿಗೆ ನಿಂತು ಬಿಚ್ಚಿಸಿ. ನೋಡಬೇಕಾದ್ದು ಇಷ್ಟು.

ಲೈನರಿನ ದಪ್ಪ. ಹೊಸದು ಸಾಮಾನ್ಯವಾಗಿ 4-5 ಮಿ.ಮೀ. ಇರುತ್ತದೆ. 1ರಿಂದ 1.5 ಮಿ.ಮೀ.ಗೆ ಬಂದರೆ ಬದಲಾಯಿಸುವ ಹೊತ್ತು. ನಿಮ್ಮ ಗಾಡಿಯ ಲೆಕ್ಕ ಮ್ಯಾನುಯಲ್ಲಿನಲ್ಲೋ ಸರ್ವಿಸ್ ಸೆಂಟರಿನಲ್ಲೋ ಸಿಗುತ್ತದೆ. ಅದೇ ಕೊನೆ ಮಾತು. ಎರಡು ಶೂಗಳಲ್ಲಿ ಒಂದು ಹೆಚ್ಚು ಸವೆದಿದ್ದರೆ ಗಾಬರಿ ಬೇಡ. ಸಾಮಾನ್ಯವಾಗಿ ಮುಂದಿನ ಬದಿಯ ಶೂ ತಿರುಗುವ ಡ್ರಮ್ಮಿನ ಜೊತೆ ತಾನೇ ಎಳೆದುಕೊಂಡು ಬಿಗಿಯಾಗುತ್ತದೆ, ಹಾಗಾಗಿ ಬೇಗ ಸವೆಯುತ್ತದೆ. ಆದರೆ ಎಡಚಕ್ರಕ್ಕೂ ಬಲಚಕ್ರಕ್ಕೂ ವ್ಯತ್ಯಾಸ ಜಾಸ್ತಿ ಇದ್ದರೆ ಎಲ್ಲೋ ಏನೋ ಜಾಮ್ ಆಗಿದೆ ಅಂತ ಅರ್ಥ. ಬರೀ ಶೂ ಬದಲಿಸಿದರೆ ಸಾಲದು.

ಆಮೇಲೆ ವೀಲ್ ಸಿಲಿಂಡರ್. ಅದರ ಎರಡೂ ತುದಿಯ ರಬ್ಬರ್ ಟೋಪಿಯನ್ನು ಸ್ವಲ್ಪ ಎತ್ತಿ ನೋಡಲು ಹೇಳಿ. ಒಳಗೆ ಒಣಗಿದ್ದರೆ ಸರಿ. ಒದ್ದೆ ಇದ್ದರೆ ಆಯಿಲ್ ಸೋರುತ್ತಿದೆ. ಆಯಿಲ್ ಕುಡಿದ ಲೈನರ್ ಎಷ್ಟೇ ದಪ್ಪ ಇರಲಿ, ಎಸೆಯಬೇಕು. ಪೆಟ್ರೋಲ್ ಹಾಕಿ ತೊಳೆದು, ಉಪ್ಪುಕಾಗದ ಉಜ್ಜಿ, "ಈಗ ಸರಿಯಾಯ್ತು" ಅನ್ನುವವರಿದ್ದಾರೆ. ಆಗಿರುವುದಿಲ್ಲ. ಲೈನರ್ ಒಳಗಿನವರೆಗೂ ಆಯಿಲ್ ಹೀರಿರುತ್ತದೆ, ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಸಿಲಿಂಡರ್ ಸರಿ ಮಾಡಿಸದೇ ಹೊಸ ಶೂ ಹಾಕಿದರೆ ಅದೂ ಒಂದು ತಿಂಗಳಲ್ಲಿ ಎಣ್ಣೆ ಬಜ್ಜಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಡ್ರಮ್ ಬಿಚ್ಚಿದ ಕೂಡಲೇ ಒಳಗಿನ ಕಪ್ಪು ಪುಡಿಯನ್ನು ಏರ್ ಹೊಡೆದು ಹಾರಿಸುವುದು ನಮ್ಮ ಗ್ಯಾರೇಜುಗಳ ಅಭ್ಯಾಸ. ಹುಡುಗರು ಬಾಯಿಂದಲೇ ಊದುತ್ತಾರೆ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಬರಬಹುದು, ಅದೂ ಹತ್ತಾರು ವರ್ಷ ಕಳೆದ ಮೇಲೆ. ಈಗಿನದರಲ್ಲಿ ಇಲ್ಲದಿದ್ದರೂ ಅಗ್ಗದ ಮಾಲಿನಲ್ಲಿ ಏನಿದೆ ಅಂತ ಯಾರಿಗೆ ಗೊತ್ತು? ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಬಟ್ಟೆಯಲ್ಲಿ ಒರೆಸಿದರೆ ಆಯಿತು. ಸ್ಪ್ರೇಗೆ ನಾನೇ ದುಡ್ಡು ಕೊಡುತ್ತೇನೆ ಅಂದರೆ ಯಾರೂ ಬೇಡ ಅನ್ನುವುದಿಲ್ಲ.

ಏನೂ ಬದಲಾಯಿಸದೇ ಕ್ಲೀನ್ ಮಾಡಿಸುವುದು

ಇದು ಯಾರೂ ನಿಮ್ಮ ಮುಂದೆ ಇಡದ ಆಯ್ಕೆ. ಬಿಲ್ ಆಗುವುದಿಲ್ಲವಲ್ಲ. ಲೈನರ್ 2.5 ಮಿ.ಮೀ. ಮೇಲಿದ್ದು, ಆಯಿಲ್ ತಾಗಿರದೆ, ಅಂಚಿನಲ್ಲಿ ಬಿರುಕಾಗಲೀ ಎದ್ದಿರುವುದಾಗಲೀ ಕಾಣದಿದ್ದರೆ ಶೂ ಇನ್ನೂ ಓಡುತ್ತದೆ. ಮಳೆಗಾಲದ ನಂತರ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಅನ್ನಿಸಲು ಹೆಚ್ಚಾಗಿ ಕಾರಣ ಕೆಂಪು ಮಣ್ಣು, ತುಕ್ಕು ಮತ್ತು ಕೆಲಸ ನಿಲ್ಲಿಸಿದ ಅಡ್ಜಸ್ಟರ್. ಶೂ ಸವೆದಂತೆ ಡ್ರಮ್ಮಿಗೂ ಅದಕ್ಕೂ ನಡುವಿನ ಸಂದು ಹೆಚ್ಚದ ಹಾಗೆ ನೋಡಿಕೊಳ್ಳುವ ಸಣ್ಣ ಹಲ್ಲಿನ ಪಟ್ಟಿ ಅಡ್ಜಸ್ಟರ್. ಅದಕ್ಕೆ ತುಕ್ಕು ಹಿಡಿದರೆ ಪೆಡಲ್ ಕೆಳಗೆ ಹೋಗುತ್ತದೆ, ಹ್ಯಾಂಡ್ ಬ್ರೇಕ್ ಕಿವಿಯವರೆಗೂ ಬರುತ್ತದೆ.

ಆಗ ಏನು ಮಾಡುತ್ತಾರೆ? ಹ್ಯಾಂಡ್ ಬ್ರೇಕ್ ಕೇಬಲ್ ಟೈಟ್ ಮಾಡಿ ಕಳಿಸುತ್ತಾರೆ. ಐದು ನಿಮಿಷದ ಕೆಲಸ. ಇದು ಉಲ್ಟಾ. ಕೇಬಲ್ ಬಿಗಿಯಾಗಿದ್ದರೆ ಶೂ ತನ್ನ ಜಾಗಕ್ಕೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಅಡ್ಜಸ್ಟರ್ ಇನ್ನೂ ಕೆಲಸ ಮಾಡುವುದಿಲ್ಲ. ಮೊದಲು ಒಳಗೆ ಅಡ್ಜಸ್ಟರ್ ಕ್ಲೀನ್ ಮಾಡಿ ಶೂ ಸರಿ ಮಾಡಬೇಕು, ಆಮೇಲೆ ಬೇಕಿದ್ದರೆ ಕೇಬಲ್.

ವರ್ಷಕ್ಕೆ ಎರಡು ಸಲ, ಮೇ ಕೊನೆಗೆ ಒಂದು, ದಸರಾ ಹೊತ್ತಿಗೆ ಒಂದು, ಹೀಗೆ ಬಿಚ್ಚಿ ಕ್ಲೀನ್ ಮಾಡಿಸಿದರೆ ಖರ್ಚು ಬರೀ ಕೂಲಿ. ನನ್ನ ಈಗಿನ ಗಾಡಿಯ ಶೂ 40,000 ಕಿಲೋಮೀಟರ್ ದಾಟಿ ಇನ್ನೂ ಓಡುತ್ತಿದೆ.

ಕಂಪನಿ ಶೂ

ಗಾಡಿ ಕಂಪನಿಯ ಹೆಸರಿನ ಡಬ್ಬಿಯಲ್ಲಿ ಬರುವುದು. ದುಬಾರಿ. ಆದರೆ ಅಳತೆ ಸರಿಯಾಗಿ ಕೂರುತ್ತದೆ, ಕಬ್ಬಿಣದ ಪೇಂಟ್ ಗಟ್ಟಿ ಇರುತ್ತದೆ, ಹ್ಯಾಂಡ್ ಬ್ರೇಕಿನ ಲಿವರ್ ಜೋಡಿಸುವ ತೂತು ಎಲ್ಲಿರಬೇಕೋ ಅಲ್ಲೇ ಇರುತ್ತದೆ. ವಾರಂಟಿಯಲ್ಲಿರುವ ಗಾಡಿಗೆ ಬೇರೆ ಯೋಚನೆ ಬೇಡ. ಇದನ್ನೇ ಹಾಕಿಸಿ. ಮುಂದೆ ಬೇರೇನಾದರೂ ಕೆಟ್ಟರೆ "ಹೊರಗಿನ ಪಾರ್ಟ್ ಹಾಕಿದ್ದೀರಿ" ಅನ್ನುವ ವಾದಕ್ಕೆ ಜಾಗ ಇರುವುದಿಲ್ಲ.

ಒಂದೇ ಕಷ್ಟ. ಕಂಪನಿ ಹೆಸರಿನ ನಕಲಿ ಡಬ್ಬಿಗಳು ಇವೆ. ಹೊಲೋಗ್ರಾಮ್ ನೋಡಿ, ಬಿಲ್ ತಗೊಳ್ಳಿ. ಬಿಲ್ ಕೊಡಲು ಹಿಂದೆ ಮುಂದೆ ನೋಡುವ ಅಂಗಡಿಯಿಂದ ಬಲ್ಬ್ ಬೇಕಾದರೆ ತಗೊಳ್ಳಿ, ಬ್ರೇಕ್ ಬೇಡ.

ಹೊರಗಿನ ಒಳ್ಳೆ ಬ್ರಾಂಡ್

ವಾರಂಟಿ ಮುಗಿದವರಲ್ಲಿ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಗಾಡಿ ಮಾಡುವ ಕಂಪನಿಗಳು ಸಾಮಾನ್ಯವಾಗಿ ಶೂ ತಾವೇ ಮಾಡುವುದಿಲ್ಲ. ಚೆನ್ನೈ ಕಡೆಯ ಬ್ರೇಕ್ಸ್ ಇಂಡಿಯಾ, ರಾಣೆ, ಸುಂದರಂ ಬ್ರೇಕ್ ಲೈನಿಂಗ್ಸ್ ಥರದವರು ಗಾಡಿ ಕಂಪನಿಗಳಿಗೂ ಮಾಲು ಕೊಡುತ್ತಾರೆ, ತಮ್ಮ ಹೆಸರಿನಲ್ಲಿ ಅಂಗಡಿಗೂ ಕೊಡುತ್ತಾರೆ. ಡಬ್ಬಿಯ ಮೇಲಿನ ಹೆಸರಿಗೆ ಕೊಡುವ ದುಡ್ಡು ಇಲ್ಲಿ ಉಳಿಯುತ್ತದೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೋಗಿ ಎರಡು ಅಂಗಡಿ ವಿಚಾರಿಸಿದರೆ ಸಾಮಾನ್ಯ ಕಾರುಗಳ ಮಾಲು ಕೈಗೆ ಸಿಗುತ್ತದೆ.

ಕೊಳ್ಳುವಾಗ ಲೈನರಿನ ಪಕ್ಕದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಹಲವು ಬ್ರಾಂಡುಗಳು ಅಲ್ಲಿ ನಂಬರಿನ ಕೊನೆಗೆ ಎರಡು ಇಂಗ್ಲಿಷ್ ಅಕ್ಷರ ಅಚ್ಚು ಹಾಕಿರುತ್ತವೆ: ಎಫ್‌ಎಫ್, ಎಫ್‌ಇ, ಜಿಎಫ್, ಹೀಗೆ. ಮೊದಲ ಅಕ್ಷರ ಲೈನರ್ ಸಾಮಾನ್ಯ ಬಿಸಿಯಲ್ಲಿ ಎಷ್ಟು ಹಿಡಿಯುತ್ತದೆ ಅಂತ. ಎರಡನೆಯದು ತುಂಬಾ ಬಿಸಿಯಾದಾಗ ಎಷ್ಟು ಅಂತ. ಇ ಅಂದರೆ ಹಿಡಿತದ ಅಂಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಘಾಟಿ ಇಳಿಯುವವರು ನೋಡಬೇಕಾದ್ದು ಎರಡನೇ ಅಕ್ಷರವನ್ನು. ಎಫ್‌ಇ ಅಂತಿದ್ದರೆ ಮೇಲಿನ ತಿರುವಿನಲ್ಲಿದ್ದ ಹಿಡಿತ ಕೆಳಗಿನ ತಿರುವಿನಲ್ಲಿ ಇರುವುದಿಲ್ಲ. ಎಫ್‌ಎಫ್ ಒಳ್ಳೆಯದು. ಹಾಗಂತ ಜಾಸ್ತಿ ಹಿಡಿಯುವುದನ್ನೇ ಹುಡುಕಿಕೊಂಡು ಹೋಗಬೇಡಿ. ಹಿಂದಿನ ಬ್ರೇಕ್ ಮುಂದಿನದಕ್ಕಿಂತ ಮೊದಲು ಹಿಡಿದರೆ ಒದ್ದೆ ರಸ್ತೆಯಲ್ಲಿ ಗಾಡಿಯ ಬಾಲ ತಿರುಗುತ್ತದೆ. ಗಾಡಿಯ ಜೊತೆ ಬಂದ ಶೂವಿನ ಅಕ್ಷರ ಯಾವುದಿತ್ತೋ ಅದೇ ಸಾಕು. ಈ ಅಕ್ಷರ ಬಾಳಿಕೆ ಬಗ್ಗೆ ಏನೂ ಹೇಳುವುದಿಲ್ಲ ಅನ್ನುವುದೂ ನೆನಪಿರಲಿ.

ಅಂಗಡಿಗೆ ಹೋಗುವಾಗ ಗಾಡಿಯ ಮಾಡೆಲ್ ಜೊತೆ ವರ್ಷವನ್ನೂ ಹೇಳಿ. ಒಂದೇ ಹೆಸರಿನ ಕಾರಿಗೆ ನಡುವೆ ಡ್ರಮ್ ಅಳತೆ ಬದಲಾಗಿರುವುದುಂಟು. ಹಳೇ ಶೂ ಒಂದನ್ನು ಕವರಿನಲ್ಲಿ ಹಾಕಿಕೊಂಡು ಹೋಗಿ ಹೊಸದರ ಪಕ್ಕ ಇಟ್ಟು ನೋಡುವುದು ಎಲ್ಲಕ್ಕಿಂತ ಸುಲಭ.

ಹಳೇ ಶೂಗೆ ಹೊಸ ಲೈನರ್

ಲಾರಿ, ಬಸ್ಸು, ಹಳೇ ಜೀಪುಗಳಿಗೆ ಇದು ಮೊದಲಿಂದ ನಡೆದುಕೊಂಡು ಬಂದ ಪದ್ಧತಿ. ಸವೆದ ಲೈನರ್ ತೆಗೆದು, ಕಬ್ಬಿಣದ ಶೂಗೆ ಹೊಸ ಲೈನರನ್ನು ರಿವಿಟ್ ಹೊಡೆದೋ ಅಂಟಿಸಿಯೋ ಕೊಡುತ್ತಾರೆ. ಒಳ್ಳೆ ಕೈಯವರು ಮಾಡಿದರೆ ಚೆನ್ನಾಗಿಯೇ ಇರುತ್ತದೆ. ಹೊಸ ಶೂ ಸಿಗದ ಹಳೇ ಗಾಡಿ ಇಟ್ಟುಕೊಂಡವರಿಗೆ ಬೇರೆ ದಾರಿಯೂ ಇಲ್ಲ.

ಹೊಸ ಶೂ ಸುಲಭಕ್ಕೆ ಸಿಗುವ ಸಣ್ಣ ಕಾರಿಗೆ ಮಲೆನಾಡಿನಲ್ಲಿ ಇದನ್ನು ನಾನು ಹೇಳುವುದಿಲ್ಲ. ಮೇಲೆ ಹೇಳಿದೆನಲ್ಲ, ಹಪ್ಪಳದ ಹಾಗೆ ಎದ್ದ ಲೈನರ್? ಅದು ಹಿಂದಿನ ವರ್ಷ ನಾನೇ ದುಡ್ಡು ಉಳಿಸಲು ಅಂಟಿಸಿಕೊಂಡು ಬಂದದ್ದು. ಅಂಟಿಸಿದವರದ್ದು ತಪ್ಪು ಅಂತ ಪೂರ್ತಿ ಹೇಳಲಾರೆ. ನಾನು ಕೊಟ್ಟ ಶೂವೇ ಏಳು ಮಳೆಗಾಲ ಕಂಡಿತ್ತು. ಒಮ್ಮೆ ತುಕ್ಕು ಹಿಡಿದ ಕಬ್ಬಿಣವನ್ನು ಬರೀ ಉಪ್ಪುಕಾಗದದಲ್ಲಿ ತಿಕ್ಕಿ ಅಂಟು ಹಚ್ಚಿದರೆ ಅದು ತುಕ್ಕಿನ ಮೇಲೆ ಕೂತ ಅಂಟು. ನೀರು ಅಂಚಿನಿಂದ ಒಳಗೆ ಹೋಗುತ್ತದೆ, ತುಕ್ಕು ಉಬ್ಬುತ್ತದೆ, ಲೈನರನ್ನು ಎತ್ತುತ್ತದೆ.

ರಿವಿಟ್ ಹೊಡೆದದ್ದು ಹೀಗೆ ಒಮ್ಮೆಲೇ ಏಳುವುದಿಲ್ಲ. ಅದು ಅದರ ಒಳ್ಳೆ ಗುಣ. ಆದರೆ ರಿವಿಟ್ಟಿನ ತಲೆ ಲೈನರಿನ ಒಳಗೆ ಹುದುಗಿರುತ್ತದೆ. ಲೈನರ್ ಅಲ್ಲಿಯವರೆಗೆ ಸವೆದರೆ ರಿವಿಟ್ ಡ್ರಮ್ಮನ್ನು ಗೀರುತ್ತದೆ. ಹಾಗಾಗಿ ಅಂಟಿಸಿದ್ದಕ್ಕಿಂತ ಬೇಗ ಬದಲಾಯಿಸಬೇಕು.

ಹಾಕಿಸಲೇಬೇಕಾದರೆ ಮೂರು ಮಾತು ಕೇಳಿ. ಕಬ್ಬಿಣವನ್ನು ಪೂರ್ತಿ ಬೆಳ್ಳಗಾಗುವವರೆಗೆ ಕ್ಲೀನ್ ಮಾಡುತ್ತೀರಾ? ಲೈನರ್ ಯಾವ ಕಂಪನಿದು? ನನ್ನ ಡ್ರಮ್ಮಿನ ಬಾಗಿಗೆ ಸರಿಯಾಗಿ ಲೈನರ್ ಗ್ರೈಂಡ್ ಮಾಡಿ ಕೊಡುತ್ತೀರಾ? ಕೊನೆಯದು ಮುಖ್ಯ. ಬಾಗು ಹೊಂದದಿದ್ದರೆ ಲೈನರಿನ ನಡುಭಾಗವೋ ತುದಿಯೋ ಮಾತ್ರ ಡ್ರಮ್ಮಿಗೆ ತಾಗುತ್ತದೆ. ಕಾಲು ಭಾಗ ಬ್ರೇಕಿಗೆ ಪೂರ್ತಿ ದುಡ್ಡು ಕೊಟ್ಟ ಹಾಗೆ.

ಡಬ್ಬಿ ಇಲ್ಲದ ಶೂ

ನನ್ನ ಎರಡನೇ ತಪ್ಪು ಇದು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ, ಹೆಸರಿಲ್ಲದ ಸೆಟ್ಟು. "ಇದೂ ಅದೇ ಮಾಲು ಸಾರ್, ಡಬ್ಬಿ ಮಾತ್ರ ಇಲ್ಲ." ಕಲ್ಲಿನ ಹಾಗೆ ಗಟ್ಟಿ ಇತ್ತು. ಬೆಳಿಗ್ಗೆ ಬ್ರೇಕ್ ಒತ್ತಿದರೆ ಕೇರಿಗೆಲ್ಲ ಕೇಳುವ ಕಿರುಚು. ಏಳು ತಿಂಗಳಲ್ಲಿ ಡ್ರಮ್ಮಿನ ಒಳಗೆ ಗ್ರಾಮಫೋನ್ ಪ್ಲೇಟಿನ ಹಾಗೆ ಗೀರು ಬಿತ್ತು. ಶೂನಲ್ಲಿ ಉಳಿಸಿದ್ದನ್ನು ಡ್ರಮ್ಮಿಗೆ ಕೊಟ್ಟೆ, ಮೇಲೆ ಇನ್ನಷ್ಟು. ಇದರ ಬಗ್ಗೆ ತೂಗಿ ನೋಡುವುದು ಏನೂ ಇಲ್ಲ. ಬೇಡ.

ಡ್ರಮ್: ಲೇತಿಗೋ, ಹೊಸದೋ

ಡ್ರಮ್ಮಿನ ಒಳಗೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳದಷ್ಟು ಸಣ್ಣ ಗೀರಾದರೆ ಹಾಗೇ ಬಿಡಿ. ಸಿಕ್ಕಿಕೊಂಡರೆ ಲೇತಿನಲ್ಲಿ ಕೆತ್ತಿಸಬಹುದು, ಆದರೆ ಮಿತಿ ಇದೆ. ಡ್ರಮ್ಮಿನ ಮೇಲೆ ಗರಿಷ್ಠ ವ್ಯಾಸ ಎಷ್ಟು ಅಂತ ಅಚ್ಚಾಗಿರುತ್ತದೆ. 180 ಮಿ.ಮೀ. ಡ್ರಮ್ಮಿಗೆ ಸಾಮಾನ್ಯವಾಗಿ 182. ಕೆತ್ತಿದ ಮೇಲೆ ಅದನ್ನು ದಾಟುವುದಾದರೆ ಹೊಸದೇ ಬೇಕು. ತೆಳುವಾದ ಡ್ರಮ್ ಬೇಗ ಬಿಸಿಯಾಗುತ್ತದೆ, ಬಿರುಕೂ ಬಿಡಬಹುದು. ಒಂದು ಕಡೆ ಕೆತ್ತಿಸಿದರೆ ಇನ್ನೊಂದು ಕಡೆಯನ್ನೂ ಅಷ್ಟೇ ಕೆತ್ತಿಸಿ. ಶೂ ಕೂಡ ಹಾಗೇ, ಎರಡೂ ಚಕ್ರದ್ದು ಒಟ್ಟಿಗೆ. ಒಂದೇ ಚಕ್ರಕ್ಕೆ ಹೊಸದು ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆಯಬಹುದು.

ಸ್ಪ್ರಿಂಗುಗಳನ್ನು ಮರೆಯಬೇಡಿ. ಶೂಗಳನ್ನು ಒಳಕ್ಕೆ ಎಳೆದು ಹಿಡಿಯುವ ಸ್ಪ್ರಿಂಗ್ ಹಳೇದಾಗಿ ಸಡಿಲಾದರೆ ಶೂ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ. ಹೊಸ ಸೆಟ್ಟಿನ ಬೆಲೆ ದೊಡ್ಡದಲ್ಲ.

ಯಾರ ಕೈಲಿ ಹಾಕಿಸುವುದು

ಕಂಪನಿ ಸರ್ವಿಸ್ ಸೆಂಟರಿನಲ್ಲಿ ಕೂಲಿ ಜಾಸ್ತಿ, ಬಿಲ್ ಪಕ್ಕಾ, ಆದರೆ ಗಾಡಿ ಒಳಗೆ ಹೋದ ಮೇಲೆ ನೋಡಲು ಬಿಡುವುದು ಕಷ್ಟ. ಪರಿಚಯದ ಗ್ಯಾರೇಜಿನಲ್ಲಿ ಎದುರಿಗೆ ಸ್ಟೂಲ್ ಹಾಕಿ ಕೂರಬಹುದು. ನನಗೆ ಎರಡನೆಯದೇ ಇಷ್ಟ.

ಸ್ವಂತ ಮಾಡಿಕೊಳ್ಳುವವರಿಗೆ ಚಿಕ್ಕ ಮಾತು. ಸಮತಟ್ಟು ಜಾಗ, ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು, ಜ್ಯಾಕ್ ಜೊತೆ ಸ್ಟ್ಯಾಂಡ್. ಬರೀ ಜ್ಯಾಕ್ ನಂಬಿ ಗಾಡಿ ಅಡಿಗೆ ಹೋಗಬೇಡಿ. ಹ್ಯಾಂಡ್ ಬ್ರೇಕ್ ಇಳಿಸಿರಬೇಕು, ಇಲ್ಲದಿದ್ದರೆ ಡ್ರಮ್ ಬರುವುದಿಲ್ಲ. ಸಿಕ್ಕಿಕೊಂಡಿದ್ದರೆ ಸುತ್ತಿಗೆ ಎತ್ತುವ ಮೊದಲು ಡ್ರಮ್ಮಿನ ಮುಖದಲ್ಲಿ ಥ್ರೆಡ್ ಇರುವ ಎರಡು ತೂತು ಇವೆಯಾ ನೋಡಿ. ಹಲವು ಕಾರುಗಳಲ್ಲಿ ಇರುತ್ತವೆ. ಅವಕ್ಕೆ 8 ಮಿ.ಮೀ. ಬೋಲ್ಟ್ ಹಾಕಿ ಸಮವಾಗಿ ತಿರುಗಿಸುತ್ತಾ ಹೋದರೆ ಡ್ರಮ್ ತಾನಾಗಿ ಹೊರಗೆ ಬರುತ್ತದೆ. ಸ್ಪ್ರಿಂಗ್ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒಂದು ಕಡೆ ಮುಗಿಸಿದ ಮೇಲೇ ಇನ್ನೊಂದು ಕಡೆ ಬಿಚ್ಚಿ, ಗೊಂದಲವಾದರೆ ನೋಡಿಕೊಳ್ಳಲು ಒಂದು ಮಾದರಿ ಇರುತ್ತದೆ. ಮೊದಲ ಸಲವಾದರೆ ಗೊತ್ತಿರುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು

ಗಾಡಿ ವಾರಂಟಿಯಲ್ಲಿದ್ದರೆ ಕಂಪನಿ ಶೂ. ಶಿವಮೊಗ್ಗ ಊರೊಳಗೇ ಓಡಾಟ, ರಾತ್ರಿ ಶೆಡ್, ಗಾಡಿಗೆ ಆರೇಳು ವರ್ಷ ಆಗಿದೆ ಅಂದರೆ ಹೊರಗಿನ ಒಳ್ಳೆ ಬ್ರಾಂಡ್. ಉಳಿದ ದುಡ್ಡಿನಲ್ಲಿ ಹೊಸ ಸ್ಪ್ರಿಂಗ್ ಸೆಟ್.

ವಾರಕ್ಕೊಮ್ಮೆ ಉಡುಪಿಗೋ ಕುಂದಾಪುರಕ್ಕೋ ಘಾಟಿ ಇಳಿಯುವವರಾದರೆ ಕಂಪನಿದ್ದು ಅಥವಾ ಎರಡನೇ ಅಕ್ಷರ ಎಫ್ ಇರುವ ಬ್ರಾಂಡ್. ಜೊತೆಗೆ ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಕಡೆ ತೇವಕ್ಕೇನು ಬರವೇ? ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಸೇರಿದರೆ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ರದ್ದು 230 ಮತ್ತು 155. ಆಯಿಲ್ ಕುದಿದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಆಗ ಒಳಗಿರುವ ಶೂ ಯಾವ ಕಂಪನಿದಾದರೂ ಒಂದೇ.

ತೋಟದ ಮನೆಯ ಅಂಗಳದಲ್ಲಿ ನಿಂತು ಸಂತೆಗೆ, ಆಸ್ಪತ್ರೆಗೆ ಅಂತ ವಾರಕ್ಕೆ ಒಂದೆರಡು ಸಲ ಹೊರಡುವ ಗಾಡಿಗೂ ಕಂಪನಿದ್ದೇ ಇರಲಿ ಅಂತ ನನ್ನ ಅಭಿಪ್ರಾಯ. ಓಡದ ಗಾಡಿಗೆ ಯಾಕೆ ದುಬಾರಿ ಶೂ ಅಂತ ಕೇಳುತ್ತಾರೆ. ಓಡುವುದಿಲ್ಲ ಅಂತಲೇ. ದಿನಾ ಓಡುವ ಡ್ರಮ್ ಬಿಸಿಗೆ ತಾನೇ ಒಣಗುತ್ತದೆ. ಇದು ಒದ್ದೆಯಲ್ಲೇ ಇರುತ್ತದೆ. ಇನ್ನು ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆಯದೇ ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಒಂದು ಜಂಬಿಟ್ಟಿಗೆ ತುಂಡು ಕೊಡಿ. ಹಳ್ಳ ದಾಟಿ ಬಂದ ಮೇಲೆ, ಗಾಡಿ ತೊಳೆದ ಮೇಲೆ, ಸ್ವಲ್ಪ ದೂರ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡು ಓಡಿಸಿ ಒಣಗಿಸಿ.

ಮುಂದಿನ ವರ್ಷ ಮಾರುವ ಗಾಡಿಯಾದರೂ ಹೊರಗಿನ ಬ್ರಾಂಡಿಗಿಂತ ಕೆಳಗೆ ಇಳಿಯಬೇಡಿ. ಕೊಳ್ಳುವವರೂ ಇದೇ ಘಾಟಿ ಇಳಿಯುವವರು.

ಯಾವುದೇ ಹಾಕಿಸಿ, ಗ್ಯಾರೇಜಿನಿಂದ ನೇರ ಘಾಟಿಗೆ ಹೋಗಬೇಡಿ. ಹೊಸ ಲೈನರ್ ಡ್ರಮ್ಮಿನ ಮೈಗೆ ಹೊಂದಿಕೊಳ್ಳಲು ಇನ್ನೂರು ಕಿಲೋಮೀಟರಾದರೂ ಬೇಕು. ಅಲ್ಲಿಯವರೆಗೆ ಮೆತ್ತಗೆ ಒತ್ತಿ. ನಾನು ಸಾಮಾನ್ಯವಾಗಿ ಮಾರನೇ ದಿನ ಬೆಳಿಗ್ಗೆ ತೀರ್ಥಹಳ್ಳಿ ರಸ್ತೆ ಹಿಡಿದು ಗಾಜನೂರು ದಾಟಿ ಸಕ್ರೆಬೈಲಿನ ಆನೆ ಬಿಡಾರದವರೆಗೆ ಹೋಗುತ್ತೇನೆ. ದಾರಿಯಲ್ಲಿ ಹಿಂದೆ ಯಾರೂ ಇಲ್ಲದಾಗ ಐವತ್ತರಿಂದ ಇಪ್ಪತ್ತಕ್ಕೆ ಇಳಿಸುವ ಹಾಗೆ ಎಂಟು ಹತ್ತು ಸಲ ಬ್ರೇಕ್. ಅಲ್ಲಿ ನಿಲ್ಲಿಸಿ ಹಿಂದಿನ ಎರಡೂ ಚಕ್ರದ ಹತ್ತಿರ ಅಂಗೈ ಹಿಂಬದಿ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಕಾವಲಿಯ ಹಾಗೆ ಸುಡುತ್ತಿದ್ದರೆ ಅಲ್ಲಿ ಶೂ ಬಿಗಿಯಾಗಿ ಉಜ್ಜುತ್ತಿದೆ, ವಾಪಸ್ ಗ್ಯಾರೇಜಿಗೆ ಹೋಗಿ. ಎರಡೂ ಒಂದೇ ಬಿಸಿ ಇದ್ದರೆ ಆನೆಗಳ ಸ್ನಾನ ನೋಡಿಕೊಂಡು ಬನ್ನಿ.